ಯುದ್ಧದ ನಾಡಿಗೆ ಒಳ್ಳೆಯದು ಮಾಡಲು ಬಂದವರು: ಅವರ ಕಥೆಯನ್ನು ಯಾರ ಬಾಯಿಂದ ಹೇಳಿಸಬೇಕು?

ಕಥೆಗಾರ್ತಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಬರೆಯುತ್ತಿರುವ ಒಂದು ಕಿರುಕಾದಂಬರಿ ನಡುದಾರಿಯಲ್ಲಿ ನಿಂತುಹೋಗಿದೆ. ಈ ಬಗೆಯ ಕೃತಿಗಳನ್ನು ನನಗಿಂತ ಹೆಚ್ಚು ಓದಿದವರು ಇಲ್ಲಿದ್ದೀರಿ ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಅಂತರ್ಯುದ್ಧ ನಡೆಯುತ್ತಿರುವ ಒಂದು ನಾಡಿಗೆ ಹೊರದೇಶದಿಂದ ಒಬ್ಬ ವೈದ್ಯೆ ಬರುತ್ತಾಳೆ. ಗಾಯಗೊಂಡವರು ಮೈಲುಗಟ್ಟಲೆ ನಡೆದು ಬರುವುದನ್ನು ನೋಡಲಾರದೆ, ತನ್ನ ಚಿಕಿತ್ಸಾ ಶಿಬಿರವನ್ನು ಕಾದಾಟ ನಡೆಯುವ ಜಾಗಕ್ಕೆ ಸಮೀಪದ ಹಳ್ಳಿಯೊಂದಕ್ಕೆ ಸಾಗಿಸುತ್ತಾಳೆ. ಔಷಧಿ, ಡೀಸೆಲ್, ರೇಡಿಯೊ ಎಲ್ಲವೂ ಇರುವ ಆ ಜಾಗಕ್ಕೆ ಮೊದಲು ಒಂದು ಪಕ್ಷದ ಬಂದೂಕುಧಾರಿಗಳು ಬರುತ್ತಾರೆ, ಅವರನ್ನು ಹುಡುಕಿಕೊಂಡು ಇನ್ನೊಂದು ಪಕ್ಷದವರು ಬರುತ್ತಾರೆ, ಆರು ತಿಂಗಳಲ್ಲಿ ಹಳ್ಳಿಯೇ ಉಳಿಯುವುದಿಲ್ಲ. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ನನ್ನ ತೊಂದರೆ ಏನೆಂದರೆ, ಎಷ್ಟು ಸಲ ತಿದ್ದಿ ಬರೆದರೂ ಕಥೆ ಕೊನೆಗೆ ಅವಳ ಪಶ್ಚಾತ್ತಾಪದ ಕಥೆಯೇ ಆಗಿಬಿಡುತ್ತದೆ. ಸತ್ತವರು ಅವಳ ಕಣ್ಣೀರಿಗೆ ಕಾರಣ ಒದಗಿಸುವವರಾಗಿ ಮಾತ್ರ ಉಳಿಯುತ್ತಾರೆ. ಇದು ನನಗೆ ಸರಿಯೆನಿಸುತ್ತಿಲ್ಲ.

ಸದುದ್ದೇಶವುಳ್ಳ ಹೊರಗಿನವರು ಮಾಡುವ ಹಾನಿಯನ್ನು ನೀವು ಓದಿದ ಕಾದಂಬರಿಗಳು ಹೇಗೆ ನಿಭಾಯಿಸಿವೆ? ಉದ್ದೇಶ ಒಳ್ಳೆಯದಾಗಿತ್ತು ಎಂಬುದು ಓದುಗರ ತೀರ್ಪನ್ನು ಸಡಿಲಗೊಳಿಸಬೇಕೇ?

ಹಳೆಯ ಓದುಗ

ಗ್ರಹಾಂ ಗ್ರೀನ್ ಅವರ 'ದ ಕ್ವಯಟ್ ಅಮೆರಿಕನ್' ಕಾದಂಬರಿಯನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಹೇಳಲಾಗದು. 1955ರಲ್ಲಿ ಪ್ರಕಟವಾದ ಈ ಕೃತಿ ನಡೆಯುವುದು ಫ್ರೆಂಚರು ವಿಯೆಟ್ನಾಮಿನಲ್ಲಿ ತಮ್ಮ ಆಳ್ವಿಕೆ ಉಳಿಸಿಕೊಳ್ಳಲು ಕಾದುತ್ತಿದ್ದ ಕಾಲದ ಸೈಗಾನಿನಲ್ಲಿ. ಆಲ್ಡನ್ ಪೈಲ್ ಎಂಬ ಅಮೆರಿಕದ ಯುವಕ ಆರ್ಥಿಕ ನೆರವಿನ ಕಚೇರಿಯ ಹೆಸರಿನಲ್ಲಿ ಅಲ್ಲಿಗೆ ಬರುತ್ತಾನೆ. ಅವನು ಲಂಚಕೋರನಲ್ಲ, ಒರಟನಲ್ಲ, ಯಾರ ಮನಸ್ಸನ್ನೂ ನೋಯಿಸಲು ಬಯಸುವವನಲ್ಲ. ಫ್ರೆಂಚರೂ ಬೇಡ, ಕಮ್ಯುನಿಸ್ಟರೂ ಬೇಡ, ಒಂದು ಮೂರನೆಯ ಶಕ್ತಿ ಬೇಕು ಎಂಬ ಸಿದ್ಧಾಂತವನ್ನು ಅವನು ಪುಸ್ತಕಗಳಲ್ಲಿ ಓದಿಕೊಂಡು ಬಂದಿದ್ದಾನೆ. ಆ ಪುಸ್ತಕಗಳನ್ನು ಬರೆದವನಾದರೋ ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ಅಲ್ಲಿ ಒಂದೇ ಒಂದು ವಾರ ತಂಗಿದ್ದವನು.

ಆ ಮೂರನೆಯ ಶಕ್ತಿಯನ್ನು ಪೈಲ್ ಜನರಲ್ ಥೇ ಎಂಬ ಸೇನಾನಿಯಲ್ಲಿ ಕಂಡು ಅವನಿಗೆ ಸ್ಫೋಟಕ ಒದಗಿಸುತ್ತಾನೆ. ಜನನಿಬಿಡ ಚೌಕದಲ್ಲಿ ಬಾಂಬು ಸಿಡಿದು ಹೆಂಗಸರು, ಮಕ್ಕಳು ಸಾಯುತ್ತಾರೆ. ಆ ಹೊತ್ತಿಗೆ ಅಲ್ಲಿ ಸೈನಿಕ ಕವಾಯತು ನಡೆಯಬೇಕಿತ್ತು, ಅದು ರದ್ದಾದದ್ದು ತನಗೆ ತಿಳಿದಿರಲಿಲ್ಲ ಎನ್ನುತ್ತಾನೆ ಪೈಲ್. ಬೂಟಿಗೆ ಹತ್ತಿದ ರಕ್ತವನ್ನು ಕಂಡಾಗ ಅವನಿಗೆ ತೋಚುವುದು, ಮಂತ್ರಿಯನ್ನು ಭೇಟಿಯಾಗುವ ಮೊದಲು ಅದನ್ನು ಪಾಲಿಶ್ ಮಾಡಿಸಬೇಕು ಎಂಬುದು. ಉದ್ದೇಶದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಗ್ರೀನ್ ಕೊಡುವ ಉತ್ತರ ಇದೇ ಎಂದು ನಾನು ತಿಳಿದಿದ್ದೇನೆ. ಕೇಡಿಗನಾಗಿದ್ದರೆ ಜನ ಅವನ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದರು. ಒಳ್ಳೆಯವನಾದದ್ದರಿಂದಲೇ ಅವನನ್ನು ಯಾರೂ ತಡೆಯಲಿಲ್ಲ.

ವಿದ್ಯಾರ್ಥಿನಿ

ಆದರೆ ಕಥೆ ಹೇಳುವ ಫೌಲರ್ ಕೂಡ ಹೊರಗಿನವನೇ ಅಲ್ಲವೇ? ಅವನು ಇಂಗ್ಲಿಷ್ ಪತ್ರಕರ್ತ. ಅವನ ಮತ್ತು ಪೈಲನ ನಡುವೆ ಫುವಾಂಗ್ ಎಂಬ ವಿಯೆಟ್ನಾಮಿ ತರುಣಿ ಇದ್ದಾಳೆ. ಅವಳು ಯಾರ ಜೊತೆ ಇರಬೇಕೆಂದು ಇಬ್ಬರು ಗಂಡಸರು ಅವಳ ಎದುರಿನಲ್ಲೇ ಚರ್ಚಿಸುತ್ತಾರೆ. ತನ್ನ ಊರಿನ ಚೌಕದಲ್ಲಿ ಬಾಂಬು ಸಿಡಿದುದರ ಬಗ್ಗೆ ಅವಳು ಏನು ಯೋಚಿಸಿದಳು ಎಂಬುದು ಕೊನೆಯ ಪುಟದವರೆಗೂ ನಮಗೆ ತಿಳಿಯುವುದಿಲ್ಲ. ಕಥೆಗಾರ್ತಿಯವರ ದೂರು ಈ ಕಾದಂಬರಿಗೂ ತಟ್ಟುತ್ತದೆ.

ಹಳೆಯ ಓದುಗ

ಅದು ಕಾದಂಬರಿಕಾರರ ಮರೆವಲ್ಲ, ಉದ್ದೇಶಪೂರ್ವಕವಾದದ್ದು. ಫೌಲರನಿಗೆ ಅವಳು ಅರ್ಥವಾಗಿಲ್ಲ ಎಂಬುದನ್ನೇ ಆ ಮೌನ ತೋರಿಸುತ್ತದೆ. ತಾನು ಯಾರ ಪಕ್ಷವನ್ನೂ ವಹಿಸದವನೆಂದು ಹೇಳಿಕೊಳ್ಳುವ ಅವನು ಕೊನೆಗೆ ಪೈಲನ ಕೊಲೆಗೆ ಸಹಕರಿಸುತ್ತಾನೆ. ಸತ್ತ ಮಕ್ಕಳಿಗಾಗಿ ಸಹಕರಿಸಿದನೋ, ಕೈತಪ್ಪಿದ ಹೆಣ್ಣಿಗಾಗಿ ಸಹಕರಿಸಿದನೋ ಎಂಬುದನ್ನು ಓದುಗ ಬೇರ್ಪಡಿಸಲಾರ.

ವಿದ್ಯಾರ್ಥಿನಿ

ಉದ್ದೇಶಪೂರ್ವಕ ಮೌನವೂ ಮೌನವೇ, ಸರ್. ಅದಕ್ಕೆ ಉತ್ತರ ಬರಲು ಅರುವತ್ತು ವರ್ಷ ಬೇಕಾಯಿತು. ವಿಯೆತ್ ಥಾನ್ ನುಯೆನ್ ಅವರ 'ದ ಸಿಂಪಥೈಸರ್' 2015ರಲ್ಲಿ ಬಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದರ ನಿರೂಪಕ ತನ್ನ ದೇಶದ ಯುದ್ಧದ ಬಗ್ಗೆ ಹಾಲಿವುಡ್ ತಯಾರಿಸುತ್ತಿರುವ ಚಿತ್ರಕ್ಕೆ ಸಲಹೆಗಾರನಾಗಿ ಹೋಗುತ್ತಾನೆ. ಚಿತ್ರಕಥೆಯಲ್ಲಿ ವಿಯೆಟ್ನಾಮಿಯರಿಗೆ ಒಂದು ಮಾತೂ ಇಲ್ಲ ಎಂಬುದನ್ನು ನಿರ್ದೇಶಕನಿಗೆ ಮನಗಾಣಿಸಲು ಅವನು ಪಡುವ ಪಾಡನ್ನು ಓದುವಾಗ ನನಗೆ ಫುವಾಂಗ್ ನೆನಪಾಗಿದ್ದಳು.

ಚಿತ್ರಪ್ರೇಮಿ

ಗ್ರೀನ್ ಅವರ ಕಾದಂಬರಿ ಎರಡು ಬಾರಿ ಚಲನಚಿತ್ರವಾಗಿದೆ. 1958ರಲ್ಲಿ ಜೋಸೆಫ್ ಮ್ಯಾಂಕಿವಿಚ್ ನಿರ್ದೇಶಿಸಿದ ಚಿತ್ರದಲ್ಲಿ ಕಥೆಯನ್ನೇ ತಲೆಕೆಳಗು ಮಾಡಲಾಯಿತು. ಅಲ್ಲಿ ಅಮೆರಿಕದ ಯುವಕ ನಿರಪರಾಧಿ, ಫೌಲರ್ ಕಮ್ಯುನಿಸ್ಟರ ಮೋಸಕ್ಕೆ ಬಲಿಯಾದ ಮೂರ್ಖ. ಗ್ರೀನ್ ಇದರಿಂದ ಬಹಳ ಕುಪಿತರಾಗಿದ್ದರು. ಫುವಾಂಗ್ ಪಾತ್ರವನ್ನು ವಹಿಸಿದ್ದು ಇಟಲಿಯ ನಟಿ. 2002ರ ಚಿತ್ರ ಮೂಲಕ್ಕೆ ನಿಷ್ಠವಾಗಿತ್ತು, ಫುವಾಂಗ್ ಆಗಿ ವಿಯೆಟ್ನಾಮಿನ ನಟಿಯೇ ಕಾಣಿಸಿಕೊಂಡರು. ಆದರೆ 2001ರ ಸೆಪ್ಟೆಂಬರ್ ದಾಳಿಗಳ ನಂತರ ಅಮೆರಿಕವನ್ನು ಪ್ರಶ್ನಿಸುವ ಚಿತ್ರವನ್ನು ಜನರೆದುರು ಇಡಲು ವಿತರಕರು ಹಿಂಜರಿದು ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆಹಿಡಿದರು. ತಮ್ಮ ಕಡೆಯ ಒಳ್ಳೆಯವರು ಹಾನಿ ಮಾಡಿದರು ಎಂಬುದನ್ನು ಕಲ್ಪಿತ ಕಥೆಯಾಗಿ ಕೇಳಲು ಕೂಡ ಜನ ಸಿದ್ಧರಿರುವುದಿಲ್ಲ.

ಇತಿಹಾಸ ಶಿಕ್ಷಕ

ಒಂದು ಎಚ್ಚರಿಕೆಯ ಮಾತು. 1952ರ ಜನವರಿ 9ರಂದು ಸೈಗಾನಿನ ನಡುಭಾಗದಲ್ಲಿ ಬಾಂಬುಗಳು ಸಿಡಿದದ್ದು ನಿಜ, ಜನರಲ್ ಥೇ ಕೂಡ ನಿಜವಾಗಿ ಇದ್ದ ವ್ಯಕ್ತಿ. ಆದರೆ ಅದರಲ್ಲಿ ಅಮೆರಿಕನ್ನರ ಕೈಯಿತ್ತು ಎಂಬುದನ್ನು ಇತಿಹಾಸಕಾರರು ಒಮ್ಮತದಿಂದ ಒಪ್ಪಿಲ್ಲ. ಕಾದಂಬರಿಯ ಸತ್ಯವನ್ನು ನ್ಯಾಯಾಲಯದ ಸಾಕ್ಷ್ಯದಂತೆ ಬಳಸಬಾರದು. ಅದರ ಬೆಲೆ ಬೇರೆ ಕಡೆ ಇದೆ. ಅಮೆರಿಕದ ಸೈನ್ಯ ದೊಡ್ಡ ಪ್ರಮಾಣದಲ್ಲಿ ಅಲ್ಲಿಗೆ ಇಳಿಯುವುದಕ್ಕೆ ಹತ್ತು ವರ್ಷ ಮೊದಲೇ, ಅಲ್ಲಿಗೆ ಹೋಗುವವರ ಮನಸ್ಸು ಹೇಗಿರುತ್ತದೆ ಎಂಬುದನ್ನು ಗ್ರೀನ್ ಬರೆದಿಟ್ಟಿದ್ದರು.

ಹೊಸ ಸದಸ್ಯ

ಇದೇ ಸಾಲಿಗೆ 'ದಿ ಅಗ್ಲಿ ಅಮೆರಿಕನ್' ಕೂಡ ಸೇರುತ್ತದೆ. ಅದರ ಕುರೂಪಿ ಅಮೆರಿಕನ್ ಎಂದರೆ ಸ್ಥಳೀಯರನ್ನು ಕೀಳಾಗಿ ಕಾಣುವ ಅಹಂಕಾರಿ ಅಧಿಕಾರಿ.

ಅನುವಾದಕ

ಕ್ಷಮಿಸಿ, ಇದು ಬಹಳ ಜನ ಮಾಡುವ ತಪ್ಪು. ಬರ್ಡಿಕ್ ಮತ್ತು ಲೆಡರರ್ 1958ರಲ್ಲಿ ಬರೆದ ಆ ಪುಸ್ತಕದಲ್ಲಿ ನಿಜವಾಗಿ ಕುರೂಪಿ ಎನಿಸಿಕೊಳ್ಳುವವನು ಹೋಮರ್ ಆಟ್ಕಿನ್ಸ್ ಎಂಬ ಎಂಜಿನಿಯರ್, ಅವನೇ ಅಲ್ಲಿ ಒಳ್ಳೆಯವನು. ರೂಪವಿಲ್ಲದ, ಕೈಗೆ ಗ್ರೀಸು ಮೆತ್ತಿಕೊಂಡ ಮನುಷ್ಯ ಅವನು. ಸಾರ್ಖಾನ್ ಎಂಬ ಕಲ್ಪಿತ ದೇಶದ ಹಳ್ಳಿಗರ ಜೊತೆ ಕುಳಿತು, ಸೈಕಲ್ಲಿನ ಭಾಗಗಳನ್ನು ಬಳಸಿ ನೀರೆತ್ತುವ ಪಂಪನ್ನು ಮಾಡುತ್ತಾನೆ. ಅಹಂಕಾರಿಗಳೆಲ್ಲ ರಾಯಭಾರ ಕಚೇರಿಯ ನೀಟಾದ ಜನ.

ಆದರೂ ಆ ಪುಸ್ತಕದ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ಕೆಟ್ಟ ಅಮೆರಿಕನ್ನನ ಜಾಗದಲ್ಲಿ ಒಳ್ಳೆಯ ಅಮೆರಿಕನ್ನನನ್ನು ಕೂರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಅದು ನಂಬುತ್ತದೆ. ಹಳ್ಳಿಯವರಿಗೆ ಅವನು ಬೇಕಿತ್ತೇ ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳುವುದೇ ಇಲ್ಲ.

ಹೊಸ ಸದಸ್ಯ

ತಿದ್ದಿದ್ದಕ್ಕೆ ಕೃತಜ್ಞತೆಗಳು. ಹೆಸರನ್ನು ಕೇಳಿ ಊಹಿಸಿಕೊಂಡಿದ್ದೆ, ಪುಸ್ತಕವನ್ನು ಓದಿರಲಿಲ್ಲ.

ವಿದ್ಯಾರ್ಥಿನಿ

ಕಥೆಗಾರ್ತಿಯವರಿಗೆ ಹೆಚ್ಚು ಉಪಯೋಗವಾಗಬಹುದಾದದ್ದು ಬಾರ್ಬರಾ ಕಿಂಗ್‌ಸಾಲ್ವರ್ ಅವರ 'ದ ಪಾಯ್ಸನ್‌ವುಡ್ ಬೈಬಲ್' (1998) ಎಂದು ನನ್ನ ಅನಿಸಿಕೆ. ನೇಥನ್ ಪ್ರೈಸ್ ಎಂಬ ಅಮೆರಿಕದ ಧರ್ಮಪ್ರಚಾರಕ 1959ರಲ್ಲಿ ಹೆಂಡತಿ ಮತ್ತು ನಾಲ್ಕು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಲ್ಜಿಯನ್ ಕಾಂಗೋದ ಹಳ್ಳಿಗೆ ಹೋಗುತ್ತಾನೆ. ಮರುವರ್ಷ ಜೂನ್ 30ರಂದು ಕಾಂಗೋ ಸ್ವತಂತ್ರವಾಗುತ್ತದೆ, ಎರಡು ವಾರಗಳೊಳಗೆ ಕಟಾಂಗಾ ಪ್ರಾಂತ ದೇಶದಿಂದ ಬೇರ್ಪಡುತ್ತದೆ, 1961ರ ಜನವರಿಯಲ್ಲಿ ಅಧಿಕಾರದಿಂದ ಇಳಿಸಲ್ಪಟ್ಟಿದ್ದ ಪ್ರಧಾನಿ ಲುಮುಂಬಾ ಅವರ ಹತ್ಯೆಯಾಗುತ್ತದೆ. ಇಷ್ಟೆಲ್ಲ ನಡೆಯುತ್ತಿದ್ದರೂ ಹೊರಡಬೇಕೆಂಬ ಸಲಹೆಗೆ ನೇಥನ್ ಕಿವಿಗೊಡುವುದಿಲ್ಲ.

ಅವನು ತನ್ನೂರಿನ ಬೀಜಗಳನ್ನು ತಂದು ಸಮತಟ್ಟಾದ ಮಡಿಯಲ್ಲಿ ಬಿತ್ತುತ್ತಾನೆ. ಮಣ್ಣನ್ನು ದಿಬ್ಬ ಮಾಡಿ ಬಿತ್ತಬೇಕೆಂದು ಮನೆಗೆಲಸದ ಹೆಂಗಸು ಹೇಳಿದರೆ ಕೇಳುವುದಿಲ್ಲ, ಮಳೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಮತ್ತೆ ಬಿತ್ತಿದಾಗ ಗಿಡಗಳು ಸೊಂಪಾಗಿ ಬೆಳೆದರೂ ಕಾಯಿ ಕಟ್ಟುವುದಿಲ್ಲ, ಏಕೆಂದರೆ ಆ ಹೂವುಗಳಿಗೆ ಪರಾಗ ಮುಟ್ಟಿಸುವ ಕೀಟಗಳು ಅಲ್ಲಿಲ್ಲ. ಮಕ್ಕಳನ್ನು ನದಿಯಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತೇನೆಂದು ಹಟ ಹಿಡಿಯುತ್ತಾನೆ. ಆ ನದಿಯಲ್ಲಿ ಮೊಸಳೆಗಳಿವೆ, ಒಂದು ಹುಡುಗಿಯನ್ನು ಎಳೆದೊಯ್ದಿವೆ ಎಂಬುದು ಊರಿಗೆಲ್ಲ ತಿಳಿದಿದೆ. ದೇವರು ಅಮೂಲ್ಯನೆಂದು ಅವನು ಪ್ರತಿವಾರ ಸಾರುವ ಶಬ್ದವನ್ನು ತಪ್ಪು ಉಚ್ಚಾರಣೆಯಲ್ಲಿ ಹೇಳುವುದರಿಂದ, ಕೇಳುವವರಿಗೆ ಅದು ಮೈಗೆ ತುರಿಕೆ ತರುವ ವಿಷದ ಮರದ ಹೆಸರಾಗಿ ಕೇಳಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದು ಕಟ್ಟಡದ ವಿಷಯ, ಅಂದರೆ ಕಥೆಯ ಕಟ್ಟಡ. ಇಡೀ ಕಾದಂಬರಿಯನ್ನು ಹೆಂಡತಿ ಮತ್ತು ನಾಲ್ವರು ಹೆಣ್ಣುಮಕ್ಕಳು ಸರದಿಯಂತೆ ಹೇಳುತ್ತಾರೆ. ನೇಥನ್‌ಗೆ ಒಂದು ಅಧ್ಯಾಯವೂ ಇಲ್ಲ. ಅವನ ಸದುದ್ದೇಶವನ್ನು ಅವನ ಬಾಯಿಂದ ಕೇಳುವ ಅವಕಾಶವನ್ನೇ ಲೇಖಕಿ ನಮಗೆ ಕೊಟ್ಟಿಲ್ಲ. ನಿಮ್ಮ ವೈದ್ಯೆಯಿಂದಲೂ ನಿರೂಪಣೆಯನ್ನು ಕಿತ್ತುಕೊಂಡು ನೋಡಿ.

ಶುಶ್ರೂಷಕಿ

ಇಲ್ಲಿಯವರೆಗಿನ ಮಾತುಗಳನ್ನು ಓದಿ ನನಗೆ ಬೇಸರವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಯುದ್ಧದಲ್ಲಿ ಗಾಯಗೊಂಡವರ ಬಳಿಗೆ ಯಾರೂ ಹೋಗಬಾರದೆಂದು ನೀವೆಲ್ಲ ಹೇಳುತ್ತಿದ್ದೀರಾ? ನೈಜೀರಿಯಾದಿಂದ ಬೇರೆಯಾಗಲು ಕಾದುತ್ತಿದ್ದ ಬಯಾಫ್ರಾದಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ ಊಲಿ ಎಂಬ ಊರಿನ ರಸ್ತೆಯನ್ನೇ ರನ್‌ವೇ ಮಾಡಿಕೊಂಡು, ದೀಪ ಆರಿಸಿದ ಕತ್ತಲಲ್ಲಿ, ಬಾಂಬು ಬೀಳುತ್ತಿರುವಾಗ ಆಹಾರ ಇಳಿಸಿದವರು ಹೊರಗಿನವರೇ. ಅದರಲ್ಲಿ ಪೈಲಟ್‌ಗಳೂ ಪ್ರಾಣ ಕಳೆದುಕೊಂಡರು. ಹಾನಿ ಮಾಡಿದ ಪರಕೀಯನ ಕಥೆ ಬರೆಯುವುದು ಸುಲಭ. ರಾತ್ರಿಯೆಲ್ಲ ರಕ್ತ ಒರೆಸುತ್ತ ಕಳೆದವರ ಕಥೆಯನ್ನು ಬರೆದರೆ ಸಾಹಿತ್ಯ ಎನಿಸಿಕೊಳ್ಳುವುದಿಲ್ಲವೇ?

ಇತಿಹಾಸ ಶಿಕ್ಷಕ

ನಿಮ್ಮ ನೋವು ನ್ಯಾಯವಾದದ್ದು, ಆ ಜನರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಊಲಿಯ ರನ್‌ವೇಯಲ್ಲಿ, ಅದೇ ಕತ್ತಲಲ್ಲಿ, ಶಸ್ತ್ರಾಸ್ತ್ರಗಳ ವಿಮಾನಗಳೂ ಇಳಿಯುತ್ತಿದ್ದವು. 1967ರಿಂದ 1970ರವರೆಗೆ ನಡೆದ ಆ ಯುದ್ಧವನ್ನು ನೆರವು ಇನ್ನಷ್ಟು ಲಂಬಿಸಿತೇ ಎಂಬ ವಾದ ಇಂದಿಗೂ ಮುಗಿದಿಲ್ಲ. 1994ರಲ್ಲಿ ರುವಾಂಡಾದಿಂದ ಗಡಿ ದಾಟಿದವರಿಗಾಗಿ ನೆರೆಯ ಜೈರ್ ದೇಶದ (ಇಂದಿನ ಕಾಂಗೋ) ಗೋಮಾದಲ್ಲಿ ತೆರೆದ ಶಿಬಿರಗಳನ್ನು ನರಮೇಧ ನಡೆಸಿದವರೇ ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ಗಡಿಯಿಲ್ಲದ ವೈದ್ಯರ ಸಂಸ್ಥೆಯ ಫ್ರೆಂಚ್ ಶಾಖೆ ಆ ವರ್ಷದ ನವೆಂಬರಿನಲ್ಲಿ ಅಲ್ಲಿಂದ ಹೊರಬಂದಿತು. ಉಳಿದರೂ ತಪ್ಪು, ಹೊರಟರೂ ತಪ್ಪು ಎಂಬ ಸ್ಥಿತಿ ಅದು. ಒಳ್ಳೆಯ ಕಾದಂಬರಿಗೆ ಬೇಕಾದದ್ದು ಅಂಥ ಸ್ಥಿತಿ. ವೈದ್ಯೆಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಓದುವುದರಿಂದ ಅದು ಹುಟ್ಟುವುದಿಲ್ಲ.

ಚಿತ್ರಪ್ರೇಮಿ

ಶುಶ್ರೂಷಕಿಯವರೇ, 2001ರಲ್ಲಿ ಅಫ್ಘಾನಿಸ್ತಾನದ ಮೇಲೆ ವಿಮಾನಗಳಿಂದ ಎಸೆದ ಆಹಾರದ ಪೊಟ್ಟಣಗಳು ಹಳದಿ ಬಣ್ಣದವಾಗಿದ್ದವು. ಅದೇ ಸಮಯದಲ್ಲಿ ಎಸೆದ ಗೊಂಚಲು ಬಾಂಬುಗಳ ಸಿಡಿಯದೆ ಉಳಿದ ತುಣುಕುಗಳೂ ಹಳದಿಯೇ. ಹಳದಿ ಕಂಡದ್ದನ್ನೆಲ್ಲ ಓಡಿ ಹೋಗಿ ಎತ್ತಿಕೊಳ್ಳಬೇಡಿ ಎಂದು ರೇಡಿಯೊದಲ್ಲಿ ಎಚ್ಚರಿಸಬೇಕಾಯಿತು, ಆಮೇಲೆ ಪೊಟ್ಟಣಗಳ ಬಣ್ಣ ಬದಲಿಸಲು ನಿರ್ಧರಿಸಿದರು. ಆಹಾರ ಕಳಿಸಿದವರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಹಸಿದ ಮಗುವಿನ ಕಣ್ಣಿನಿಂದ ಆ ಬಯಲನ್ನು ಒಮ್ಮೆ ನೋಡಿದ್ದರೆ ಸಾಕಿತ್ತು.

ಶುಶ್ರೂಷಕಿ

ಇದನ್ನು ನಾನು ಒಪ್ಪುತ್ತೇನೆ. ಆದರೂ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ವೈದ್ಯೆ ನಿಜವಾಗಿಯೂ ಕೆಲವರನ್ನು ಬದುಕಿಸಬೇಕು, ಮತ್ತು ಬದುಕಿದವರು ಅದನ್ನು ಮರೆಯಬಾರದು. ಇಲ್ಲದಿದ್ದರೆ ಅವಳು ಮನುಷ್ಯಳಾಗಿ ಉಳಿಯುವುದಿಲ್ಲ, ವಾದಕ್ಕೆ ಬೇಕಾದ ಗೊಂಬೆಯಾಗುತ್ತಾಳೆ.

ಅನುವಾದಕ

ನನ್ನ ಮಟ್ಟಿಗೆ ಈ ಕಥೆಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೊರಟುಹೋಗುವ ಟಿಕೆಟ್ಟು ಯಾರ ಕೈಯಲ್ಲಿದೆ?

ಮೈಕಲ್ ಒಂಡಾಚೆ ಅವರ 'ಅನಿಲ್ಸ್ ಘೋಸ್ಟ್' (2000) ನೋಡಿ. ಅನಿಲ್ ಎಂಬ ವಿಧಿವಿಜ್ಞಾನ ತಜ್ಞೆ ಹದಿನೈದು ವರ್ಷಗಳ ನಂತರ ಶ್ರೀಲಂಕಾಕ್ಕೆ ಮರಳುತ್ತಾಳೆ. ಅವಳನ್ನು ಕಳಿಸಿರುವುದು ಜಿನೀವಾದ ಒಂದು ಮಾನವ ಹಕ್ಕುಗಳ ಸಂಸ್ಥೆ. ಸರ್ಕಾರದ ಕಾವಲಿನ ಜಾಗದಲ್ಲಿ ಸಿಕ್ಕ ಒಂದು ಅಸ್ಥಿಪಂಜರ ಇತ್ತೀಚಿನದು, ಅದು ಕೊಲೆ ಎಂದು ಸಾಧಿಸಲು ಅವಳು ಹೊರಡುತ್ತಾಳೆ. ಸತ್ಯ ಹೊರಗೆ ಬಂದರೆ ಸಾಕು ಎಂದು ಅವಳು ನಂಬಿದ್ದಾಳೆ. ಜೊತೆಗಿರುವ ಪುರಾತತ್ವಜ್ಞ ಸರತ್‌ಗೆ ಆ ಸತ್ಯದ ಬೆಲೆ ಗೊತ್ತು. ಕೊನೆಗೆ ಅವಳು ಸಾಕ್ಷ್ಯದೊಂದಿಗೆ ಪಾರಾಗಲು ಅವನೇ ದಾರಿ ಮಾಡಿಕೊಡುತ್ತಾನೆ. ಅವಳು ಕಥೆಯಿಂದ ಹೊರಟುಹೋಗುತ್ತಾಳೆ, ಅವನ ಹೆಣವನ್ನು ವೈದ್ಯನಾದ ಅವನ ತಮ್ಮ ಕಾಣಬೇಕಾಗುತ್ತದೆ.

ಅವಳು ಹೋದಮೇಲೂ ಕಾದಂಬರಿ ನಿಲ್ಲುವುದಿಲ್ಲ, ಮತ್ತು ನಾನು ಈ ಕೃತಿಯನ್ನು ಪ್ರೀತಿಸುವುದು ಆ ಕಾರಣಕ್ಕೆ. ಹೆಂಡತಿಯನ್ನು ಯುದ್ಧದಲ್ಲಿ ಕಳೆದುಕೊಂಡ ಆನಂದ ಎಂಬ ಶಿಲ್ಪಿ ಬುದ್ಧನ ವಿಗ್ರಹಕ್ಕೆ ಕಣ್ಣು ಬಿಡಿಸುವುದರೊಂದಿಗೆ ಅದು ಮುಗಿಯುತ್ತದೆ. ನೇತ್ರೋನ್ಮೀಲನ ಎಂದರೆ ಏನೆಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ಹೊರಗಿನ ಕಣ್ಣು ಹೊರಟುಹೋದ ಮೇಲೆ ಒಳಗಿನವನು ಕಣ್ಣು ಬಿಡಿಸುತ್ತಾನೆ.

ಹೊಸ ಸದಸ್ಯ

ಅನಿಲ್ ಹುಟ್ಟಿದ್ದು ಅಲ್ಲೇ ಅಲ್ಲವೇ? ಅವಳನ್ನು ಪೈಲನ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

ಅನುವಾದಕ

ಹುಟ್ಟಿನಿಂದ ಅವಳು ಆ ನಾಡಿನವಳೇ ಸರಿ. ಆದರೆ ಅಪಾಯ ಎದುರಾದಾಗ ಅವಳ ಹಿಂದೆ ನಿಲ್ಲುವುದು ಜಿನೀವಾ, ಸರತ್‌ನ ಹಿಂದೆ ಯಾರೂ ಇಲ್ಲ. ಯುದ್ಧದಲ್ಲಿ ಹೊರಗಿನವರನ್ನು ಗುರುತಿಸುವುದು ಆ ಗಳಿಗೆಯಲ್ಲಿ.

ವಿದ್ಯಾರ್ಥಿನಿ

ಬಯಾಫ್ರಾದ ಬಗ್ಗೆ ಚಿಮಮಾಂಡ ಅಡೀಚೀ ಬರೆದ 'ಹಾಫ್ ಆಫ್ ಎ ಯೆಲ್ಲೋ ಸನ್' (2006) ಕಾದಂಬರಿಯಲ್ಲಿ ರಿಚರ್ಡ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ಪುಸ್ತಕವನ್ನು ತಾನೇ ಬರೆಯುತ್ತೇನೆಂದುಕೊಂಡಿರುತ್ತಾನೆ. ಕೊನೆಗೆ ಅದು ತನ್ನ ಕಥೆಯಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಪುಸ್ತಕ ಬರೆಯುವವನು ಹಳ್ಳಿಯಿಂದ ಮನೆಗೆಲಸಕ್ಕೆ ಬಂದಿದ್ದ ಹುಡುಗ ಉಗ್ವು. ಆ ಹುಡುಗ ಕೂಡ ನಿರ್ಮಲನಲ್ಲ, ಯುದ್ಧದಲ್ಲಿ ಅವನ ಕೈಯಿಂದಲೂ ಘೋರ ತಪ್ಪಾಗಿದೆ. ಸ್ಥಳೀಯರನ್ನು ಬರಿಯ ಸಂತರನ್ನಾಗಿ ಮಾಡಬಾರದು ಎಂಬುದನ್ನು ನಾನು ಅಲ್ಲಿಂದ ಕಲಿತೆ.

ನಿವೃತ್ತ ಸೈನಿಕ

ಇಲ್ಲಿ ಎಲ್ಲರೂ ಅಮೆರಿಕದವರು, ಇಂಗ್ಲೆಂಡಿನವರು ಎಂದು ಬರೆಯುತ್ತಿದ್ದೀರಿ. 1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಶಾಂತಿ ಕಾಪಾಡಲೆಂದು ಶ್ರೀಲಂಕಾಕ್ಕೆ ಹೋದವರು ನಾವು, ಭಾರತದ ಸೈನಿಕರು. 1990ರ ಮಾರ್ಚಿನಲ್ಲಿ ಹಿಂದಿರುಗುವ ಹೊತ್ತಿಗೆ ತಮಿಳು ಹುಲಿಗಳೊಡನೆ ಕಾದಾಡಿ ನಮ್ಮವರು ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟಿದ್ದರು, ಅಲ್ಲಿನ ಸಾಮಾನ್ಯ ಜನರೂ ಬಹಳ ಸತ್ತರು. ಆ ನಾಡಿನಲ್ಲಿ ಒಳ್ಳೆಯ ಮನಸ್ಸಿನ ವಿದೇಶೀಯ ಎಂದರೆ ನಾನೇ.

ನಾನು ಸಿಗ್ನಲ್ ವಿಭಾಗದಲ್ಲಿದ್ದೆ. ಜಾಫ್ನಾ ಪರ್ಯಾಯದ್ವೀಪದ ಒಂದು ಊರಿನಲ್ಲಿ ಇಂಗ್ಲಿಷ್ ಕಲಿಸುವ ಶಾಲಾ ಮೇಷ್ಟರೊಬ್ಬರು ನಮಗೂ ಊರಿನವರಿಗೂ ನಡುವೆ ಮಾತು ದಾಟಿಸುತ್ತಿದ್ದರು. ಅವರನ್ನು ಬರಿಯ ದುಭಾಷಿಯಂತೆ ನಡೆಸಿಕೊಳ್ಳಬಾರದು, ಗೌರವ ತೋರಿಸಬೇಕು ಎಂದು ನಾನು ಮತ್ತು ಇನ್ನಿಬ್ಬರು ವಾರಕ್ಕೊಮ್ಮೆ ಸಂಜೆ ಅವರ ಮನೆಗೆ ಹೋಗುತ್ತಿದ್ದೆವು. ಅವರ ಹೆಂಡತಿ ಚಹಾ ಕೊಡುತ್ತಿದ್ದರು. ನಮ್ಮ ಜೀಪು ಅವರ ಬಾಗಿಲಲ್ಲಿ ನಿಂತಿರುತ್ತಿತ್ತು. ಒಂದು ವಾರ ಹೋದಾಗ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಬಾಗಿಲು ತೆರೆಯಲಿಲ್ಲ. ಮತ್ತೆ ಆ ಕುಟುಂಬದ ಸುದ್ದಿ ನನಗೆ ತಿಳಿಯಲಿಲ್ಲ, ತಿಳಿಯುವ ದಾರಿಯನ್ನೂ ನಾನು ಹುಡುಕಲಿಲ್ಲ.

ಕಥೆಗಾರ್ತಿ

ಎಲ್ಲರ ಮಾತುಗಳನ್ನೂ ಎರಡೆರಡು ಬಾರಿ ಓದಿದೆ. ನಿವೃತ್ತ ಸೈನಿಕರೇ, ನೀವು ಬರೆದದ್ದನ್ನು ಓದಿದ ಮೇಲೆ ನಿನ್ನೆ ರಾತ್ರಿ ಕುಳಿತು ಮೊದಲ ಅಧ್ಯಾಯವನ್ನು ಮತ್ತೆ ಬರೆದಿದ್ದೇನೆ.

ವೈದ್ಯೆಯ ದುಭಾಷಿಯೇ ಈಗ ಕಥೆ ಹೇಳುತ್ತಾನೆ. ಶಿಬಿರವನ್ನು ಹಳ್ಳಿಗೆ ತರುವುದು ಬೇಡವೆಂದು ಹಿರಿಯರು ಹೇಳಿದ್ದನ್ನು ಅವನು ಅವಳಿಗೆ ಪೂರ್ತಿಯಾಗಿ ದಾಟಿಸಿರುವುದಿಲ್ಲ, ಅವಳ ಉತ್ಸಾಹಕ್ಕೆ ನೋವಾಗದಂತೆ ಮೆತ್ತಗೆ ಮಾಡಿ ಹೇಳಿರುತ್ತಾನೆ. ಸಂಬಳ ಬೇಕಿತ್ತು, ಅವಳ ಮೇಲೆ ಅಭಿಮಾನವೂ ಇತ್ತು. ಹಾಗಾಗಿ ಹಾನಿಯಲ್ಲಿ ಅವನದೂ ಪಾಲಿದೆ. ಶುಶ್ರೂಷಕಿಯವರು ಹೇಳಿದಂತೆ ಅವಳು ಅವನ ಮಗಳನ್ನು ಬದುಕಿಸಿಯೂ ಇದ್ದಾಳೆ.

ನಿಮ್ಮನ್ನು ಒಂದು ಮಾತು ಕೇಳಬೇಕಿದೆ, ನೋವಾಗುವುದಾದರೆ ಉತ್ತರಿಸಬೇಡಿ. ಆ ಮೇಷ್ಟರು ನಿಮಗೆ ಯಾವತ್ತೂ ಏನೂ ಹೇಳಲಿಲ್ಲವೇ?

ಅನುವಾದಕ

ದುಭಾಷಿ ಮೆತ್ತಗೆ ಮಾಡಿದ ಮಾತು ಮತ್ತು ಹಿರಿಯರು ನಿಜವಾಗಿ ಆಡಿದ ಮಾತು ಎರಡೂ ಪುಟದ ಮೇಲೆ ಬರಲಿ. ಎರಡಕ್ಕೂ ಕನ್ನಡವೇ ಇರುವುದರಿಂದ ಹಿರಿಯರಿಗೆ ಆಡುಮಾತನ್ನೂ ದುಭಾಷಿ ದಾಟಿಸಿದ್ದಕ್ಕೆ ಗ್ರಾಂಥಿಕ ಕನ್ನಡವನ್ನೂ ಇಟ್ಟರೆ, ಯಾವ ವಿವರಣೆಯೂ ಇಲ್ಲದೆ ಓದುಗರಿಗೆ ವ್ಯತ್ಯಾಸ ಕಾಣುತ್ತದೆ.

ನಿವೃತ್ತ ಸೈನಿಕ

ತಂಗಿ, ಹೇಳಿದ್ದರು. ಜೀಪನ್ನು ದೇವಸ್ಥಾನದ ತಿರುವಿನಲ್ಲೇ ನಿಲ್ಲಿಸಿ, ಅಲ್ಲಿಂದ ನಡೆದು ಬನ್ನಿ ಎಂದು ಎರಡು ಬಾರಿ ಹೇಳಿದ್ದರು. ತಮ್ಮ ಓಣಿ ಕಿರಿದು, ನಮಗೆ ತೊಂದರೆಯಾಗುತ್ತದೆ ಎಂಬ ಸಂಕೋಚದಿಂದ ಹಾಗೆ ಹೇಳುತ್ತಿದ್ದಾರೆ ಎಂದು ನಾವು ತಿಳಿದೆವು. ಏನೂ ತೊಂದರೆಯಿಲ್ಲ ಮೇಷ್ಟರೇ ಎಂದು ಬಾಗಿಲವರೆಗೂ ತಂದು ನಿಲ್ಲಿಸಿದೆವು.